ಪಾದ್ರಿ ಮೊಗ್ಲಿಂಗನ ಅಚ್ಚುಕಲ್ಲು, ಕೊಡಗಿನ ಆಳುಮಕ್ಕಳು

ಜುಲೈ ಒಂದನೇ ತಾರೀಕು ಬಂತೆಂದರೆ ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನಾಚರಣೆ. ಜಿಲ್ಲಾ ಕೇಂದ್ರಗಳಲ್ಲಿ ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಜರ್ಮನಿಯ ಪಾದ್ರಿಯೊಬ್ಬನ ಪಟಕ್ಕೆ ಹಾರ ಬೀಳುತ್ತದೆ. ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ತಂದ, ತಾಳೆಗರಿಯಲ್ಲಿ ಹುಳ ತಿನ್ನುತ್ತಿದ್ದ ಕಾವ್ಯಗಳನ್ನು ಅಚ್ಚು ಹಾಕಿಸಿದ ಅಂತ ಎರಡು ಮಾತು ಆಡಿ, ಚಪ್ಪಾಳೆ ತಟ್ಟಿ, ಎಲ್ಲರೂ ಊಟಕ್ಕೆ ಏಳುತ್ತಾರೆ. ಎರಡೂ ನಿಜವೇ, ನಮ್ಮ ತಕರಾರಿಲ್ಲ. ಆದರೆ ಇದೇ ಮನುಷ್ಯ 1855ರಲ್ಲಿ ಕೊಡಗಿನ ಚರಿತ್ರೆಯನ್ನೂ ಬರೆದ. ಅದನ್ನು ಬರೆಯುವಾಗ ಅವನ ಕಣ್ಣೆದುರಿಗೆ ಮಂಡಿಯುದ್ದ ಕೆಸರಲ್ಲಿ ನಿಂತು ನಾಟಿ ಮಾಡುತ್ತಿದ್ದವರು ಯಾರು, ಗದ್ದೆಯ ಜೊತೆಗೇ ಅವರನ್ನೂ ಕೊಟ್ಟು ತಗೊಳ್ಳುತ್ತಿದ್ದವರು ಯಾರು ಅನ್ನುವ ಮಾತು ಮಾತ್ರ ಆ ಸಭೆಗಳಲ್ಲಿ ಬರುವುದಿಲ್ಲ. ಬಂದರೆ ಊಟ ಕೆಡುತ್ತದೆ.

ಆ ಮಾತನ್ನೇ ಹಿಡಿದುಕೊಂಡು ಮೊಗ್ಲಿಂಗನ ಬದುಕನ್ನು ಇನ್ನೊಂದು ಸಲ ಓದೋಣ ಅಂತ ನಾವು ಹೊರಟಿದ್ದೇವೆ. ಅವನನ್ನು ಪೂಜಿಸುವುದಕ್ಕಲ್ಲ. ಪಾದ್ರಿಗಳೆಲ್ಲ ಸಾಮ್ರಾಜ್ಯಶಾಹಿಯ ಏಜೆಂಟರು ಅಂತ ಒಂದೇ ಸಾಲಿನಲ್ಲಿ ಷರಾ ಬರೆದು ಕೈ ತೊಳೆದುಕೊಳ್ಳುವುದಕ್ಕೂ ಅಲ್ಲ. ಹಾಗೆ ಷರಾ ಬರೆಯುವುದು ಅಜ್ಜ ಮುತ್ತಜ್ಜರ ಕಾಲದಿಂದ ಕಾಗದಪತ್ರ ಇಟ್ಟುಕೊಂಡವರಿಗೆ ಸುಲಭ. ನಮ್ಮ ಮನೆಗಳಲ್ಲಿ ಹೆಬ್ಬೆಟ್ಟಿನ ಗುರುತು ಬಿಟ್ಟರೆ ಬೇರೆ ಕಾಗದವಿಲ್ಲ. ಯಾವನೋ ಪರದೇಶಿ ಎಲ್ಲೋ ಒಂದು ಮೂಲೆಯಲ್ಲಿ ನಮ್ಮವರ ಬಗ್ಗೆ ಒಂದು ಸಾಲು ಬರೆದಿದ್ದರೆ ಅದನ್ನು ಬೆಳಕಿಗೆ ಹಿಡಿದು ನೋಡಲೇಬೇಕಾದ ಗತಿ ನಮ್ಮದು.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಲ್ಲಿ. ಟ್ಯೂಬಿಂಗನ್ನಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದಿಳಿದ. ಮಿಷನ್ನಿನ ಮೊದಲ ಮೂವರು ಅಲ್ಲಿಗೆ ಬಂದು ಆಗ ಎರಡು ವರ್ಷವಾಗಿತ್ತು. ಮಂಗಳೂರು ಮದರಾಸು ಪ್ರೆಸಿಡೆನ್ಸಿಯಲ್ಲಿತ್ತು. ಘಟ್ಟದ ಮೇಲಿನ ಕೊಡಗು 1834ರಲ್ಲಷ್ಟೇ ಕಂಪನಿಯ ಕೈ ಸೇರಿತ್ತು. ಅವನು ಬಂದ ಮರುವರ್ಷ, 1837ರಲ್ಲಿ, ಸುಳ್ಯದ ಕಡೆಯ ರೈತರು ಕಲ್ಯಾಣಸ್ವಾಮಿಯ ಹೆಸರಲ್ಲಿ ದಂಗೆಯೆದ್ದು ಮಂಗಳೂರಿನ ತನಕ ಬಂದರು. ಕಂಪನಿ ಆ ದಂಗೆಯನ್ನು ತುಳಿಯಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಿತು. ಕಂಪನಿಯ ಪರ ನಿಂತ ಕೊಡವರಿಗೆ ಪದಕ ಕೊಟ್ಟಿತು. ಇಂಥ ನೆಲಕ್ಕೆ ಮೊಗ್ಲಿಂಗ್ ಬಂದದ್ದು. ಅವನ ಬೆನ್ನ ಹಿಂದೆ ಕಂಪನಿಯ ನೆರಳಿತ್ತು ಎಂಬುದನ್ನು ಮರೆತು ಅವನನ್ನು ಓದಬಾರದು.

ಭಾಷೆ ಕಲಿಯುವುದರಲ್ಲಿ ಆಸಾಮಿ ಗಟ್ಟಿಗ. ಹುಬ್ಬಳ್ಳಿ ಧಾರವಾಡದ ಕಡೆ ಸುತ್ತಿ ಬಂದ, ಮಂಗಳೂರಿನಲ್ಲಿ ಹುಡುಗರಿಗೆ ಕನ್ನಡದಲ್ಲೇ ಪಾಠ ಹೇಳುವ ಶಾಲೆ ನಡೆಸಿದ. ಆ ಹುಡುಗರ ಜೊತೆಯಲ್ಲೇ ಬದುಕಿದ.

1841ರಲ್ಲಿ ಮಂಗಳೂರಿನ ಮಿಷನ್ನಿಗೆ ಕಲ್ಲಚ್ಚು ಬಂತು. ನಮ್ಮ ಗೆಳೆಯರಲ್ಲಿ ಬಹಳ ಜನ ಕರಪತ್ರ ಅಚ್ಚು ಹಾಕಿಸಿದವರು, ಪ್ರೆಸ್ಸಿನ ಮುಂದೆ ರಾತ್ರಿಯೆಲ್ಲ ಕೂತವರು. ಅವರಿಗೆ ಈ ಕಲ್ಲಚ್ಚಿನ ಕಸುಬನ್ನು ಕೊಂಚ ಹೇಳಬೇಕು. ಅದರಲ್ಲಿ ಮೊಳೆ ಜೋಡಿಸುವ ಕೆಲಸವಿಲ್ಲ. ನುಣ್ಣಗೆ ಉಜ್ಜಿದ ಒಂದು ಬಗೆಯ ಸುಣ್ಣಕಲ್ಲಿನ ಚಪ್ಪಡಿ. ಜಿಡ್ಡು ಬೆರೆಸಿದ ಮಸಿಯಲ್ಲಿ ಬರೆಯಬೇಕು, ಆ ಬರಹವನ್ನು ಕಲ್ಲಿಗೆ ಇಳಿಸಬೇಕು. ಆಮೇಲೆ ಕಲ್ಲಿಗೆ ನೀರು ಹಚ್ಚಿದರೆ ಬರಹವಿಲ್ಲದ ಕಡೆ ನೀರು ನಿಲ್ಲುತ್ತದೆ. ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ. ಮಸಿಯ ಉರುಳೆ ಓಡಿಸಿದರೆ ಬರಹ ಮಾತ್ರ ಮಸಿ ಹಿಡಿಯುತ್ತದೆ. ಮೇಲೆ ಕಾಗದ ಇಟ್ಟು ಒತ್ತಬೇಕು. ಹೀಗೆ ಒಂದೊಂದೇ ಹಾಳೆ. ಆದ್ದರಿಂದ ಕಲ್ಲಚ್ಚಿನ ಪುಸ್ತಕದಲ್ಲಿ ಕಾಣುವುದು ಲಿಪಿಕಾರನೊಬ್ಬನ ಕೈಬರಹ, ಅವನ ಕೊಂಬು, ಅವನ ದೀರ್ಘ, ಅವನ ಒತ್ತಕ್ಷರ. ಬರೆದವನ ಕೈ ಹೀಗೆ ಉಳಿಯುತ್ತದೆ. ಕಲ್ಲು ಉಜ್ಜಿದವನ ಕೈ, ನೀರು ಹಚ್ಚಿದವನ ಕೈ, ಒತ್ತುವ ಹಿಡಿಯನ್ನು ಎಳೆದವನ ಕೈ ಪುಟದಲ್ಲಿ ಕಾಣುವುದಿಲ್ಲ. ಇದನ್ನು ಸುಮ್ಮನೆ ಹೇಳಿ ಮುಂದೆ ಹೋಗುತ್ತೇವೆ.

ಇಂಥ ಕಲ್ಲಿನಿಂದಲೇ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಹದಿನೈದು ದಿನಕ್ಕೊಂದು ಸಲ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರ್ಕಾರದ ಹುಕುಂ, ಬೇರೆ ದೇಶಗಳ ವರ್ತಮಾನ, ಕಥೆ, ನೀತಿಯ ಮಾತು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ 'ಕನ್ನಡ ಸಮಾಚಾರ'ವಾಯಿತು.

1843 ಅಂದರೆ ನಮ್ಮ ಕನ್ನಡದ ಮೇಷ್ಟ್ರುಗಳಿಗೆ ಈ ಪತ್ರಿಕೆ ನೆನಪಾಗುತ್ತದೆ. ನಮಗೆ ಅದೇ ವರ್ಷದ ಇನ್ನೊಂದು ಸಂಗತಿ ನೆನಪಾಗಬೇಕು. ಪತ್ರಿಕೆ ಬರುವುದಕ್ಕೆ ಮೂರು ತಿಂಗಳು ಮುಂಚೆ, ಏಪ್ರಿಲಿನಲ್ಲಿ, ಕಂಪನಿ ಸರ್ಕಾರ ಐದನೇ ಕಾಯಿದೆ ಮಾಡಿತು. ಬಾಕಿ ವಸೂಲಿಗೆ ಗುಲಾಮರನ್ನು ಹರಾಜು ಹಾಕಬಾರದು. ಇವನು ನನ್ನ ಗುಲಾಮ ಎಂದು ಯಾರಾದರೂ ಬಂದರೆ ಕೋರ್ಟು ಅದನ್ನು ಮಾನ್ಯ ಮಾಡಬಾರದು. ಗುಲಾಮ ಎಂಬ ಕಾರಣಕ್ಕೆ ಯಾರ ಸ್ವತ್ತನ್ನೂ ಕಸಿಯಬಾರದು. ಸ್ವತಂತ್ರ ಮನುಷ್ಯನಿಗೆ ಮಾಡಿದರೆ ಅಪರಾಧವಾಗುವ ಕೃತ್ಯ ಗುಲಾಮನಿಗೆ ಮಾಡಿದರೂ ಅಪರಾಧವೇ. ಓದಲು ಚೆನ್ನಾಗಿದೆ. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದೇ ಅಪರಾಧ ಅಂತ ಆ ಕಾಯಿದೆ ಹೇಳಲಿಲ್ಲ. ಕೋರ್ಟಿನ ಬಾಗಿಲು ಒಡೆಯನಿಗೆ ಮುಚ್ಚಿತು, ಅಷ್ಟೇ. ಕೋರ್ಟನ್ನೇ ಕಾಣದ ಆಳಿಗೆ ಬಾಗಿಲು ಮುಚ್ಚಿದರೇನು, ತೆರೆದರೇನು? ಗುಲಾಮರ ಕ್ರಯವಿಕ್ರಯಕ್ಕೆ ಶಿಕ್ಷೆ ಬಂದದ್ದು 1862ರಲ್ಲಿ ದಂಡಸಂಹಿತೆ ಜಾರಿಯಾದ ಮೇಲೆ. ನಡುವೆ ಹತ್ತೊಂಬತ್ತು ವರ್ಷ. ಮೊಗ್ಲಿಂಗನ ಕೊಡಗಿನ ಕೆಲಸವೆಲ್ಲ ಈ ಹತ್ತೊಂಬತ್ತು ವರ್ಷಗಳ ಒಳಗಿನದು.

ಕೊಡಗಿಗೆ ಹೋಗುವ ಮುನ್ನ ಅವನು ಮಾಡಿದ ದೊಡ್ಡ ಕೆಲಸ 'ಬಿಬ್ಲಿಯೋಥಿಕಾ ಕರ್ನಾಟಿಕಾ'. 1848ರಿಂದ 1853ರ ತನಕ, ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ, ಹಳೆಯ ಕನ್ನಡ ಪುಸ್ತಕಗಳನ್ನು ಕಲ್ಲಚ್ಚಿನಲ್ಲಿ ಹೊರತಂದ. ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸನ ಭಾರತ, ಬಸವಪುರಾಣ, ಚೆನ್ನಬಸವ ಪುರಾಣ, 1850ರಲ್ಲಿ ದಾಸರ ಪದಗಳು. ಯಕ್ಷಗಾನವನ್ನೂ ಬಿಡಲಿಲ್ಲ, 'ರಾವಣ ದಿಗ್ವಿಜಯ' ಅಚ್ಚಾಯಿತು. ದಾಸರ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಮಾಡಿ ಅಲ್ಲಿನ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದ. ಈ ವಿಗ್ರಹಾರಾಧಕರ ಪುಸ್ತಕಗಳೆಲ್ಲ ನಿನಗ್ಯಾಕೆ ಅಂತ ಕೇಳುವವರು ಅವನ ಧರ್ಮದಲ್ಲೂ ಇದ್ದ ಕಾಲ ಅದು. ಆದರೂ ಮಾಡಿದ. ಜನರ ಜೊತೆ ಮಾತಾಡಬೇಕಾದರೆ ಜನರ ಪುಸ್ತಕ ಓದಿರಬೇಕು ಎಂಬ ಬುದ್ಧಿ ಅವನಿಗಿತ್ತು.

ಇಲ್ಲಿ ನಾವೊಂದು ಮಾತು ಕೇಳಬೇಕು. ಯಾವ ಜನರ ಪುಸ್ತಕ? ತಾಳೆಗರಿ ಇದ್ದದ್ದು ಮಠದಲ್ಲಿ, ಅಗ್ರಹಾರದಲ್ಲಿ, ಬಸದಿಯಲ್ಲಿ. ಅಚ್ಚುಕಲ್ಲು ತನ್ನ ಮುಂದೆ ಬಂದದ್ದನ್ನು ಅಚ್ಚು ಹಾಕುತ್ತದೆ. ಗರಿಯೇ ಇಲ್ಲದವರ ಹಾಡು, ಗರಿ ಮುಟ್ಟಬಾರದವರ ಹಾಡು ಅದರ ಮುಂದೆ ಬರುವುದು ಹೇಗೆ? ಹೀಗಾಗಿ ಅಚ್ಚಿಗೆ ಬಂದ ಮೊದಲ ತಲೆಮಾರಿನ ಕನ್ನಡ ಸಾಹಿತ್ಯವೆಂದರೆ ಗರಿ ಇದ್ದವರ ಸಾಹಿತ್ಯ. ಅದೇ ಮುಂದೆ ಪಠ್ಯಪುಸ್ತಕವಾಯಿತು, ಅದೇ ಪರೀಕ್ಷೆಯ ಪ್ರಶ್ನೆಯಾಯಿತು. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಮಾತು ಆಡಿದ್ದಕ್ಕೆ ಊರೂರಲ್ಲಿ ನಮ್ಮ ಹುಡುಗರ ಹಾಸ್ಟೆಲ್ಲುಗಳ ಮೇಲೆ ಕಲ್ಲು ಬಿದ್ದದ್ದಕ್ಕೂ ಈ ಮೊದಲ ಅಚ್ಚಿನ ಆಯ್ಕೆಗೂ ದೂರದ ನಂಟಿದೆ ಅಂತ ನಾವು ತಿಳಿದಿದ್ದೇವೆ. ಹಾಗಂತ ಕುಮಾರವ್ಯಾಸ ನಮಗೆ ಬೇಡ ಅನ್ನುತ್ತಿಲ್ಲ. ನಮ್ಮ ಹಟ್ಟಿಗಳಲ್ಲಿ ರಾತ್ರಿಯಿಡೀ ಅವನನ್ನು ಆಡುತ್ತಾರೆ. ಪುಸ್ತಕ ಮುಟ್ಟಗೊಡದಿದ್ದರೂ ಕಿವಿಯಿಂದಲೇ ಕಲಿತು ಆಡುತ್ತಾರೆ.

ಅಚ್ಚಿನ ಕೆಲಸ ಇನ್ನೂ ನಡೆಯುತ್ತಿರುವಾಗಲೇ, 1852ರ ಕೊನೆಯಲ್ಲಿ, ಮೊಗ್ಲಿಂಗ್ ಜರ್ಮನಿಗೆ ಹೊರಟು ನಿಂತಿದ್ದ. ಅಷ್ಟರಲ್ಲಿ ಕೊಡಗಿನಿಂದ ಅಲ್ಮಂಡ ಸೋಮಯ್ಯ ಎಂಬ ಕೊಡವನೊಬ್ಬ ಮಂಗಳೂರಿಗೆ ಬಂದು, ನಾನು ಕ್ರೈಸ್ತನಾಗಬೇಕು ಎಂದ. ಪಾದ್ರಿ ಊರಿನ ಪ್ರಯಾಣ ಬಿಟ್ಟು ಘಟ್ಟ ಹತ್ತಿದ. 1853ರಲ್ಲಿ ಸೋಮಯ್ಯ ಸ್ತೆಫಾನನಾದ. ಅವನ ಜಾತಿಯವರು ಅವನನ್ನು ಹೊರಗಿಟ್ಟರು. ಮನೆ, ಗದ್ದೆ, ಒಕ್ಕ ಎಲ್ಲದರ ಪ್ರಶ್ನೆ ಎದ್ದಿತು. ಈ ಕಥೆ ಬಹಳ ದೊಡ್ಡದು, ಮೊಗ್ಲಿಂಗ್ ಅದನ್ನು ತನ್ನ ಪುಸ್ತಕದಲ್ಲಿ ವಿವರವಾಗಿ ಹೇಳಿಕೊಂಡಿದ್ದಾನೆ.

ಆ ಪುಸ್ತಕದ ಹೆಸರು 'ಕೂರ್ಗ್ ಮೆಮೊಯರ್ಸ್'. 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಕನ್ನಡದಲ್ಲಿ ಪತ್ರಿಕೆ ಮಾಡಿದವನು, ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದವನು, ಕೊಡಗಿನ ಚರಿತ್ರೆಯನ್ನು ಬರೆದದ್ದು ಇಂಗ್ಲಿಷಿನಲ್ಲಿ. ಯಾಕೆಂದರೆ ಆ ಪುಸ್ತಕದ ಓದುಗರು ಕೊಡಗಿನವರಲ್ಲ. ಕಂಪನಿಯ ದೊರೆಗಳು, ಮಿಷನ್ನಿಗೆ ಚಂದಾ ಕೊಡುವ ಬಿಳಿಯರು. ಪುಸ್ತಕ ಯಾರಿಗಾಗಿ ಎಂಬುದರ ಮೇಲೆ ಪುಸ್ತಕದೊಳಗೆ ಯಾರಿಗೆ ಎಷ್ಟು ಜಾಗ ಎಂಬುದು ನಿಂತಿರುತ್ತದೆ. ಇದು ಇವತ್ತಿಗೂ ಅಷ್ಟೇ.

ಒಳಗೆ ಏನಿದೆ? ನಾಡಿನ ವರ್ಣನೆ, ಕೊಡವರ ಒಕ್ಕ, ಹುತ್ತರಿ, ಕಾವೇರಿಯ ಪೂಜೆ, ಹಾಲೇರಿ ರಾಜರ ವಂಶದ ಕಥೆ, 1834ರ ಕಂಪನಿಯ ದಂಡಯಾತ್ರೆ, ಆಮೇಲೆ ಮಿಷನ್ನಿನ ಕೆಲಸ. ರಾಜರ ಕಥೆಗೆ ಅವನಿಗೆ ದೊಡ್ಡ ಆಧಾರ 'ರಾಜೇಂದ್ರನಾಮೆ'. ಅದು ದೊಡ್ಡ ವೀರರಾಜೇಂದ್ರ ತಾನೇ ಮುಂದೆ ನಿಂತು ಬರೆಯಿಸಿದ ವೃತ್ತಾಂತ. 1633ರ ಮುದ್ದುರಾಜನಿಂದ ಹಿಡಿದು ತನ್ನ ಆಳ್ವಿಕೆಯವರೆಗೆ. 1808ರಲ್ಲೇ ಅದಕ್ಕೆ ಇಂಗ್ಲಿಷ್ ಭಾಷಾಂತರವೂ ಆಗಿತ್ತು. ರಾಜ ಬರೆಯಿಸಿದ ಚರಿತ್ರೆಯಲ್ಲಿ ಏನಿರುತ್ತೆ? ಯುದ್ಧ, ಶತ್ರುಗಳ ತಲೆ, ಒಪ್ಪಂದ, ಮದುವೆ, ದಾನ. ಆ ಯುದ್ಧಕ್ಕೆ ಹೋದವರಿಗೆ ಅನ್ನ ಬೆಳೆದವರು ಅದರಲ್ಲಿ ಇರುವುದಿಲ್ಲ. ರಾಜರ ವಿಷಯದಲ್ಲಿ ಮೊಗ್ಲಿಂಗ್ ಭಟ್ಟಂಗಿಯಲ್ಲ, ಕೊನೆಯ ರಾಜ ಚಿಕವೀರರಾಜೇಂದ್ರನ ಕ್ರೌರ್ಯವನ್ನು ಕಟುವಾಗಿಯೇ ಬರೆದ. ಮಾಸ್ತಿಯವರ 1956ರ ಕಾದಂಬರಿ ಓದಿದ ಮೇಷ್ಟ್ರುಗಳಿಗೆ ಈ ರಾಜ ಪರಿಚಿತ. ಆದರೆ ಗಮನಿಸಿ, ರಾಜ ಎಷ್ಟು ಕೆಟ್ಟವನಾದರೆ ಅವನನ್ನು ಇಳಿಸಿದ ಕಂಪನಿ ಅಷ್ಟು ಒಳ್ಳೆಯದಾಗುತ್ತದೆ. ಪಾದ್ರಿಗೆ ಈ ತೂಕ ಚೆನ್ನಾಗಿಯೇ ಗೊತ್ತಿತ್ತು.

ಇನ್ನು ಗದ್ದೆಗೆ ಇಳಿಯೋಣ. ಕೊಡಗಿನ ಭೂಮಿಯ ಹಿಡುವಳಿಯಲ್ಲಿ ಎರಡು ಮುಖ್ಯ ಬಗೆ, ಜಮ್ಮ ಮತ್ತು ಸಾಗು. ಸಾಗು ಭೂಮಿಗೆ ನೂರು ಭಟ್ಟಿಗೆ 10 ರೂಪಾಯಿ ಕಂದಾಯ. ಜಮ್ಮಕ್ಕೆ 5 ರೂಪಾಯಿ. ನೂರು ಭಟ್ಟಿ ಎಂದರೆ ಸುಮಾರು 3 ಎಕರೆ ಗದ್ದೆ. ಅರ್ಧ ಕಂದಾಯಕ್ಕೆ ಬದಲಾಗಿ ರಾಜ ಕರೆದಾಗ ಕೋವಿ ಹಿಡಿದು ಹೋಗಬೇಕು. ಜಮ್ಮ ಎಂದರೆ ಜನ್ಮದಿಂದ ಬಂದದ್ದು. ಒಡೆಯನಿಗೆ ಭೂಮಿ ಜನ್ಮದಿಂದ ಬಂತು. ಹೊಲೆಯನಿಗೆ ಏನು ಬಂತು? ಹೊಲೆಯನೇ ಒಂದು ಜಮ್ಮವಾಗಿದ್ದ. ಕೊಡಗಿನ ದಾಖಲೆಗಳಲ್ಲಿ ಈ ಆಳುಗಳನ್ನು ಎರಡು ಬಗೆ ಮಾಡಿದ್ದಾರೆ. ಒಂದು ಭೂಮಿ ಜಮ್ಮದ ಆಳು. ಇವನು ಗದ್ದೆಗೆ ಅಂಟಿದವನು. ಗದ್ದೆ ಕೈ ಬದಲಾದರೆ ಇವನೂ ಬದಲಾಗುತ್ತಾನೆ, ಗದ್ದೆ ಬಿಟ್ಟು ಬೇರೆಡೆಗೆ ಮಾರುವ ಹಾಗಿಲ್ಲ. ಇನ್ನೊಂದು ಒಕ್ಕಲು ಜಮ್ಮದ ಆಳು. ಇವನು ಒಡೆಯನ ಸ್ವಂತ ಸೊತ್ತು. ಮಾರಬಹುದು, ಅಡವಿಡಬಹುದು. ಗದ್ದೆಯ ಆಳಿಗೆ ಹೆಂಡಿರು ಮಕ್ಕಳು ಕಣ್ಣ ಮುಂದಾದರೂ ಇರುತ್ತಿದ್ದರು. ಒಕ್ಕಲ ಆಳಿಗೆ ಅದೂ ಖಾತ್ರಿಯಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಕಾನೂನು ಪಂಡಿತರು ಹಿಡುವಳಿಯ ಪ್ರಕಾರಗಳು ಅಂತ ಓದುತ್ತಾರೆ. ಒಬ್ಬ ತಾಯಿ ಅದನ್ನು ಹಾಗೆ ಓದುತ್ತಿದ್ದಳೇ?

ಕೆಂಬಟ್ಟಿ ಹೊಲೆಯರು, ಯರವರು ಮೊದಲಾದವರ ದುಡಿಮೆಯ ಮೇಲೆಯೇ ಕೊಡಗಿನ ಭತ್ತ ನಿಂತಿತ್ತು. ಆಷಾಢದ ಮಳೆ ಕೊಡಗಿನಲ್ಲಿ ಹೇಗೆ ಸುರಿಯುತ್ತದೆ ಅಂತ ಕಂಡವರಿಗೆ ಗೊತ್ತು. ಆ ಮಳೆಯಲ್ಲಿ ಗೊರಬೆ ಹೊದ್ದು ಬಗ್ಗಿದ ಬೆನ್ನುಗಳು ಇವು. ನಾವು ಇದನ್ನು ಬರೆಯುತ್ತಿರುವುದು ಇವತ್ತಿನ ಕೊಡವರನ್ನು ಬೈಯುವುದಕ್ಕಲ್ಲ. ಬಡ ಕೊಡವನೂ ಗದ್ದೆಗಿಳಿದು ದುಡಿದವನೇ. ಬಯಲುಸೀಮೆಯ ನಮ್ಮ ಊರುಗಳಲ್ಲಿ ಗೌಡನ ಮನೆಯ ಜೀತ ಇದಕ್ಕಿಂತ ಬೇರೆ ಏನೂ ಆಗಿರಲಿಲ್ಲ. ವ್ಯವಸ್ಥೆಯ ಹೆಸರು ಒಂದೊಂದು ಸೀಮೆಗೆ ಒಂದೊಂದು.

ಮೊಗ್ಲಿಂಗ್ ಇದನ್ನು ಕಂಡ. ಹೊಲೆಯರು ಗುಲಾಮರು ಎಂಬುದನ್ನು ಮುಚ್ಚಿಡಲಿಲ್ಲ. ಆಳು ಒಡೆಯರ ನಡುವೆ ತಂದೆ ಮಕ್ಕಳ ಸಂಬಂಧವಿತ್ತು, ಅವರವರ ಧರ್ಮವನ್ನು ಅವರವರು ಮಾಡಿಕೊಂಡು ಸುಖವಾಗಿದ್ದರು ಅಂತ ಬರೆಯುವ ನಮ್ಮ ದೇಶೀ ಚರಿತ್ರೆಕಾರರಿಗಿಂತ ಈ ಪರದೇಶಿ ಇಲ್ಲಿ ಪ್ರಾಮಾಣಿಕ. ಜಾತಿಯ ವಿಷಯದಲ್ಲೂ ಅವನ ಮಿಷನ್ ಸುಮ್ಮನಿರಲಿಲ್ಲ. 'ಜಾತಿ ವಿಚಾರಣೆ' ಎಂಬ ಕನ್ನಡ ಪುಸ್ತಿಕೆ ಮಂಗಳೂರಿನ ಆ ಅಚ್ಚುಕೂಟದಿಂದ ಬಂದದ್ದೇ. ಆದರೂ ಅವನ ಕೊಡಗಿನ ಪುಸ್ತಕದಲ್ಲಿ ರಾಜರಿಗೆ ಅಧ್ಯಾಯ, ಕೊಡವರಿಗೆ ಅಧ್ಯಾಯ, ಹೊಲೆಯರಿಗೆ ಅಂಚು. ರಾಜನ ಬಾಯಿಂದ ಕೇಳಿದ, ದಿವಾನರ ಬಾಯಿಂದ ಕೇಳಿದ ಚರಿತ್ರೆಗೆ ಸಿಕ್ಕ ಮರ್ಯಾದೆ ಗದ್ದೆಯವನ ಬಾಯಿಗೆ ಸಿಗಲಿಲ್ಲ. ಅವನ ನೆನಪನ್ನು ಕೇಳಿ ಬರೆದುಕೊಂಡಿದ್ದರೆ ನಮ್ಮ ಕೈಗೆ ಇನ್ನೊಂದು ರಾಜೇಂದ್ರನಾಮೆ ಸಿಗುತ್ತಿತ್ತು. ಆಳುನಾಮೆ ಅನ್ನೋಣ. ಪಾದ್ರಿಗೆ ಕನ್ನಡ ಗೊತ್ತಿತ್ತು, ಮಸಿ ಇತ್ತು, ಕಲ್ಲಿತ್ತು. ಆಳುಗಳೂ ಕರೆದರೆ ಕೇಳುವಷ್ಟು ಹತ್ತಿರದಲ್ಲಿದ್ದರು.

ಆ ಹತ್ತು ವರ್ಷಗಳ ಮೂರು ಮತಾಂತರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಪದಚ್ಯುತ ರಾಜನ ಮಗಳು ಗೌರಮ್ಮನದು. 1852ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಮಗುವಿಗೆ ರಾಣಿಯ ಹೆಸರು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರ ಬರೆದ ಅವಳ ಚಿತ್ರ ಅರಮನೆಯ ಸಂಗ್ರಹದಲ್ಲಿದೆ. ಆ ಹುಡುಗಿಯ ಬದುಕೂ ಸುಖದ್ದಲ್ಲ, 1864ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ಸತ್ತಳು. ಎರಡನೆಯದು ಸೋಮಯ್ಯನದು. ಚಿತ್ರವಿಲ್ಲದಿದ್ದರೂ ಪುಸ್ತಕದಲ್ಲಿ ಪುಟಗಳಿವೆ, ಹೆಸರಿದೆ, ಮನೆತನವಿದೆ, ಮನಸ್ಸಿನ ತಳಮಳವಿದೆ. ಮೂರನೆಯದು ಹೊಲೆಯರದು. 1850ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಮೊಗ್ಲಿಂಗನ ಬಾಗಿಲಿಗೆ ಬಂದರು. ಬಂದವರು ಒಬ್ಬಿಬ್ಬರಲ್ಲ, ಸಂಸಾರ ಸಮೇತ. ಅವರಿಗಾಗಿ ಅಮ್ಮತ್ತಿಯ ಕಡೆ ಕಾಡು ಕಡಿದು ಒಂದು ಊರು ಕಟ್ಟಿದರು. ಅದಕ್ಕೆ ಆನಂದಪುರ ಅಂತ ಹೆಸರು.

ಈ ಮೂರನೆಯ ಮತಾಂತರವನ್ನು ಕೊಂಚ ನಿಂತು ನೋಡಬೇಕು. ಸೋಮಯ್ಯ ಕ್ರೈಸ್ತನಾದಾಗ ಎದ್ದ ಪ್ರಶ್ನೆ, ಇವನಿಗೆ ಮನೆತನದ ಆಸ್ತಿ ಉಳಿಯುತ್ತದೋ ಇಲ್ಲವೋ. ಇನ್ನೂ ಮುಂಚೆ, 1844ರಲ್ಲಿ, ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಮೊಗ್ಲಿಂಗನ ಶಿಷ್ಯನಾಗಿ ಕ್ರೈಸ್ತನಾದಾಗ ಊರಿಗೆ ಊರೇ ಎದ್ದು ನಿಂತಿತ್ತು. ಅಲ್ಲಿನ ಪ್ರಶ್ನೆ, ಜಾತಿ ಕೆಟ್ಟಿತಲ್ಲ ಎಂಬುದು. ಹೊಲೆಯ ಕ್ರೈಸ್ತನಾದಾಗ ಈ ಎರಡು ಪ್ರಶ್ನೆಗೂ ಜಾಗವಿಲ್ಲ. ಕಳೆಯಲು ಆಸ್ತಿಯಿಲ್ಲ, ಕೆಡಲು ಜಾತಿಯಿಲ್ಲ. ಅವನ ವಿಷಯದಲ್ಲಿ ಇರುವುದು ಒಂದೇ ಪ್ರಶ್ನೆ. ನಾಳೆ ಗದ್ದೆಗೆ ಯಾರು? ಅವನು ದೇವರನ್ನು ಬದಲಾಯಿಸಿದ್ದಕ್ಕಿಂತ ಜಾಗ ಬದಲಾಯಿಸಿದ್ದೇ ದೊಡ್ಡ ದಂಗೆ. ಭೂಮಿಗೆ ಅಂಟಿದವನು ಭೂಮಿಯಿಂದ ಕಿತ್ತುಕೊಂಡು ನಡೆದು ಬೇರೊಂದು ಊರಿಗೆ ಹೋದ. ಇದನ್ನು ಅನ್ನದಾಸೆಗೆ ಆದ ಮತಾಂತರ ಅಂತ ಮೂಗು ಮುರಿಯುವವರಿದ್ದಾರೆ. ಹೌದು ಸ್ವಾಮಿ, ಅನ್ನಕ್ಕೇ ಇರಬಹುದು. ತನ್ನ ಮಗಳು ತನ್ನ ಗುಡಿಸಲಲ್ಲೇ ಮಲಗಬೇಕು ಎಂಬ ಆಸೆಗೂ ಇರಬಹುದು. ಅದಕ್ಕಿಂತ ದೊಡ್ಡ ಅಧ್ಯಾತ್ಮ ಯಾವುದು?

ದೀಕ್ಷೆಯಾದವರ ಹೆಸರನ್ನು ಮಿಷನ್ನಿನವರು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಪಾದ್ರಿಗಳ ಈ ಲೆಕ್ಕದ ಬುದ್ಧಿಗೆ ನಾವು ಕೃತಜ್ಞರಾಗಿರಬೇಕು. ಅಲ್ಲಿಯವರೆಗೆ ಹೊಲೆಯನೊಬ್ಬ ಬರಹದಲ್ಲಿ ಕಾಣಿಸಿದರೆ ಇಂಥ ಗದ್ದೆಯ ಜೊತೆ ಇಷ್ಟು ಆಳು ಎಂಬ ಲೆಕ್ಕವಾಗಿ ಕಾಣಿಸುತ್ತಿದ್ದ. ದೀಕ್ಷೆಯ ರಿಜಿಸ್ಟರಿನಲ್ಲಿ ಅವನು ಮೊದಲ ಸಲ ಒಬ್ಬ ಮನುಷ್ಯನಾಗಿ, ಒಬ್ಬಳ ಗಂಡನಾಗಿ, ಒಬ್ಬರ ಮಗನಾಗಿ ಬರುತ್ತಾನೆ. ಆದರೆ ಬರುವುದು ಹೊಸ ಹೆಸರಿನಲ್ಲಿ. ಯಾಕೋಬ, ಯೋಸೇಫ, ಮರಿಯಮ್ಮ. ಅವನ ಅಪ್ಪ ಕರೆಯುತ್ತಿದ್ದ ಹೆಸರು ಅಲ್ಲಿಗೆ ಹಿಂದೆ ಸರಿಯುತ್ತದೆ. ಬರಹಕ್ಕೆ ಬಂದ ಗಳಿಗೆಯಲ್ಲೇ ಹಳೆಯ ಗುರುತು ಅಳಿಯುವುದು ನಮ್ಮ ಜನಕ್ಕೆ ಹೊಸದೇನಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹೆಸರು ತಿದ್ದಿ ಬರೆದುಕೊಂಡದ್ದು, ಹುಟ್ಟಿದ ತಾರೀಕು ಜೂನ್ ಒಂದು ಅಂತ ಹಾಕಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಆಗಿಲ್ಲ ಹೇಳಿ.

ಆನಂದಪುರ ಸ್ವರ್ಗವಾಗಲಿಲ್ಲ. ಪಾದ್ರಿಯ ಊರಲ್ಲಿ ಪಾದ್ರಿಯೇ ಯಜಮಾನ. ತಂದೆಯಂತೆ ನೋಡಿಕೊಳ್ಳುವ ಯಜಮಾನನೂ ಯಜಮಾನನೇ. ಕೊಡಗಿನ ಹೊಲೆಯರನ್ನು ಬಿಡಿಸಿದ್ದು ಮಿಷನ್ ಎಂದು ಹೇಳಿದರೆ ಅದು ಅರ್ಧಕ್ಕಿಂತ ಕಡಿಮೆ ಸತ್ಯ. ಹೆಚ್ಚಿನ ಕೆಲಸ ಮಾಡಿದ್ದು ಕಾಫಿ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಹಿಂದೆಯೇ ಬಿಳಿಯರ ಸಾಲು ಬಂತು. ತೋಟಕ್ಕೆ ಕೂಲಿ ಬೇಕು, ಕೂಲಿಗೆ ಕೈಯಲ್ಲಿ ರೊಕ್ಕ. ಗದ್ದೆಯ ಒಡೆಯ ಕೊಡುತ್ತಿದ್ದದ್ದು ಭತ್ತ, ತೋಟದ ದೊರೆ ಕೊಟ್ಟದ್ದು ನಾಣ್ಯ. ಐದನೇ ಕಾಯಿದೆ ಮಾಡದ ಕೆಲಸವನ್ನು ಆ ನಾಣ್ಯ ಮಾಡಿತು. ಆಳು ಬಿಟ್ಟು ಹೋಗಲು ಒಂದು ಜಾಗ ಹುಟ್ಟಿತು.

ಹುಟ್ಟಿದ ಐದೇ ವರ್ಷಕ್ಕೆ ಆ ಜಾಗಕ್ಕೂ ಬೇಲಿ ಬಿತ್ತು. 1859ರ ಹದಿಮೂರನೇ ಕಾಯಿದೆ ಬಂತು. ಮುಂಗಡ ಹಣ ಪಡೆದ ಕೂಲಿಕಾರ ಕೆಲಸ ಬಿಟ್ಟರೆ ಅದು ಬರೀ ಸಾಲದ ವ್ಯಾಜ್ಯವಲ್ಲ, ಜೈಲು. ಮೇಸ್ತ್ರಿ ಮುಂಗಡ ಕೊಡುತ್ತಾನೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ, ಲೆಕ್ಕ ಅವನ ಪುಸ್ತಕದಲ್ಲೇ ಇರುತ್ತದೆ. ಮುಂಗಡ ತೀರುವುದಿಲ್ಲ. ಈ ಕಾಯಿದೆ ರದ್ದಾಗಲು 1925ರ ತನಕ ಕಾಯಬೇಕಾಯಿತು. ಜಮ್ಮದ ಆಳು ಸಾಲದ ಆಳಾದ, ಗದ್ದೆಯ ಬದುವಿನಿಂದ ತೋಟದ ಲೈನ್ ಮನೆಗೆ ನಡೆದ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಕೊಡವರಿಗೆ 1861ರಲ್ಲೇ ಆಯುಧದ ಕಾಯಿದೆಯಿಂದ ವಿನಾಯಿತಿ ಸಿಕ್ಕಿತ್ತು ಎಂಬುದನ್ನು ಇದರ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಮೊಗ್ಲಿಂಗ್ ಈ ಬೆಳವಣಿಗೆಯ ಕೊನೆಯನ್ನು ನೋಡಲಿಲ್ಲ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವನ ಕನ್ನಡ ಸಾಹಿತ್ಯದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಅವನು ಜರ್ಮನಿಗೆ ವಾಪಸು ಹೋದ. 1866ರಲ್ಲಿ ವೈಟ್‌ಬ್ರೆಖ್ಟ್ ಎಂಬಾತನ ಜೊತೆ ಸೇರಿ ಕೊಡಗಿನ ಬಗ್ಗೆ ಜರ್ಮನ್ ಭಾಷೆಯಲ್ಲಿ ಇನ್ನೊಂದು ಪುಸ್ತಕ ತಂದ. 1881ರ ಮೇ 10ರಂದು ಎಸ್ಲಿಂಗನ್ ಎಂಬ ಊರಲ್ಲಿ ತೀರಿಕೊಂಡ. ಕೊಡಗಿನ ಚರಿತ್ರೆಯ ಕೆಲಸವನ್ನು ಅವನದೇ ಮಿಷನ್ನಿನ ರಿಕ್ಟರ್ ಮುಂದುವರಿಸಿ 1870ರಲ್ಲಿ ಕೊಡಗಿನ ಕೈಪಿಡಿ ಬರೆದ. ಆಮೇಲೆ ಸರ್ಕಾರದ ಗೆಜೆಟಿಯರುಗಳು ಬಂದವು. ಒಂದರ ಮಾತನ್ನು ಇನ್ನೊಂದು ಎತ್ತಿಕೊಂಡಿತು. ಮೊಗ್ಲಿಂಗ್ ಅಂಚಿಗೆ ಇಟ್ಟವರು ಆ ಪುಸ್ತಕಗಳಲ್ಲಿ ಜಾತಿಪಟ್ಟಿಯ ಕೆಳಗಿನ ಸಾಲುಗಳಾಗಿ ಉಳಿದರು.

2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಕಡೆಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಅರಣ್ಯ ಇಲಾಖೆ ಕೆಡವಿದ್ದು ಎಲ್ಲರಿಗೂ ನೆನಪಿರಬೇಕು. ಜೇನುಕುರುಬರು, ಯರವರು. ಬಹಳಷ್ಟು ಜನ ತೋಟದ ಲೈನ್ ಮನೆಗಳನ್ನು ಬಿಟ್ಟು ಬಂದು ಅಲ್ಲಿ ಗುಡಿಸಲು ಹಾಕಿದವರು. ಲೈನ್ ಮನೆ ಬಿಟ್ಟು ಯಾಕೆ ಬಂದಿರಿ ಅಂತ ಅವರನ್ನು ಕೇಳಿದವರಿಗೆ ಆನಂದಪುರಕ್ಕೆ ಹೊಲೆಯರು ಯಾಕೆ ನಡೆದರು ಎಂಬುದು ಗೊತ್ತಿರಲಿಲ್ಲ. ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ ಕೊಟ್ಟರು. ಅದರ ಕಥೆ ಬೇರೆಯೇ ಇದೆ.

ಅಮ್ಮತ್ತಿ, ಸಿದ್ದಾಪುರ, ಪೊನ್ನಂಪೇಟೆ, ವಿರಾಜಪೇಟೆ ಕಡೆಯ ಶಾಲೆಗಳಲ್ಲಿ ಈ ಪತ್ರಿಕೆ ಓದುವ ಮೇಷ್ಟ್ರುಗಳಿದ್ದಾರೆ, ಮಡಿಕೇರಿಯ ಕಾಲೇಜಿನಲ್ಲಿ ನಮ್ಮ ಹುಡುಗ ಹುಡುಗಿಯರಿದ್ದಾರೆ. ಅವರನ್ನು ನಾವು ಕೇಳಿಕೊಳ್ಳುವುದು ಇಷ್ಟು. ಲೈನ್ ಮನೆಗಳಲ್ಲಿ, ಕಾಲೋನಿಗಳಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅವರ ಅಜ್ಜ ಯಾರ ಗದ್ದೆಯಲ್ಲಿದ್ದ, ಯಾವ ಹೆಸರಿನಿಂದ ಕರೆಯುತ್ತಿದ್ದರು, ಅಲ್ಲಿಂದ ಎಲ್ಲಿಗೆ ಬಂದ, ನಾಟಿಯ ಹಾಡು ಯಾವುದು ಅಂತ ಕೂತು ಕೇಳಿ. ಅವರು ಹೇಳಿದ ಭಾಷೆಯಲ್ಲೇ, ತಿದ್ದದೆ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಹೆಸರು ಹಾಕುವ ಮುಂಚೆ ಅವರ ಒಪ್ಪಿಗೆ ಕೇಳಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಚ್ಚು ಹಾಕುವ ಹೊಣೆ ನಮ್ಮದು.